ಕೂತರೆ ವೆನಿಸ್ ಇಲ್ಲ

ಒಪ್ಪಂದ ರೈಲಿನಲ್ಲೇ ಆಗಿತ್ತು. ವಿತೆರ್ಬೋ ಎಂಬ ಊರಿನ ಹಳೇ ಬೀದಿಯೊಂದನ್ನು ಅನ್ನಪೂರ್ಣವ್ವ ಈ ತುದಿಯಿಂದ ಆ ತುದಿಗೆ ನಡೆದು, ಎಲ್ಲೂ ಕೂರದೆ ವಾಪಸು ಬಂದರೆ ನಾಳೆ ವೆನಿಸ್ಸಿಗೂ ಬರಬಹುದು. ಒಮ್ಮೆ ಕೂತರೂ ಹೋಟೆಲ್ ರೂಮೇ ಗತಿ. ವೆನಿಸ್ಸಿನಲ್ಲಿ ಕಾರಿಲ್ಲ, ಬಸ್ಸಿಲ್ಲ, ಹೆಜ್ಜೆಗೊಂದು ಸೇತುವೆಯ ಮೆಟ್ಟಿಲು ಎಂದು ಅಳಿಯ ಗೌರೀಶ ಓದಿಕೊಂಡಿದ್ದ. ಮೆಲ್ಬರ್ನಿನ ಟಾರ್ನೀಟಿನಿಂದ ಹೊರಡುವ ಮೊದಲೇ ಇಡೀ ಪ್ರವಾಸವನ್ನು ಎಕ್ಸೆಲ್‌ಗೆ ಇಳಿಸಿದ್ದ ಅವನು, ಅತ್ತೆಗಾಗಿ ಪ್ರತಿ ಊರಿನ ಎದುರು 'ಬೆಂಚ್' ಎಂಬ ಕಾಲಮ್ಮನ್ನೂ ಇಟ್ಟಿದ್ದ. ರೋಮಿನಲ್ಲಿ ಆಕೆ ಕಂಡದ್ದು ನಾಲ್ಕು ಬೆಂಚು.

"ಸಿಡ್ನಿಯೊಳಗ ಮಗಾ ಹಾಲು ತರಾಕೂ ಕಾರ್ ತಗೀತಾನ. ನನ್ನ ಮೊಣಕಾಲು ನಡದು ಕೆಟ್ಟಿಲ್ರೀ, ಕುಂತು ಕೆಟ್ಟಾವ," ಎಂದು ಆಕೆ ವಾದಿಸಿದ್ದಳು.

ಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ. ಬೂದು ಕಲ್ಲಿನ ಮನೆಗಳು. ಏಳೆಂಟು ನೂರು ವರ್ಷದ ಹಿಂದೆ ಕಟ್ಟಿದವರು ಮೆಟ್ಟಿಲಿಗೆ ಒಳಗೆ ಜಾಗ ಸಾಲದೆ ಹೊರಗೇ ಬಿಟ್ಟಂತಿತ್ತು. ಯಾವುದೋ ಕಿಟಕಿಯಿಂದ ಈರುಳ್ಳಿ ಹುರಿಯುವ ವಾಸನೆ ಬಂತು. "ಮಂದಿ ಅದಾರ ಹಂಗಾರ," ಎಂದು ಅನ್ನಪೂರ್ಣವ್ವ ಇಳಕಲ್ ಸೀರೆಯ ನೆರಿಗೆ ಎತ್ತಿ ಹಿಡಿದು ಮುಂದೆ ನಡೆದಳು. ಕೆಳಗೆ ಅಳಿಯ ಕೊಡಿಸಿದ, ಡಾಕ್ಟರ್ ಹೇಳಿದ ಬಿಳೀ ಬೂಟು.

ಕಮಾನೊಂದರ ಆಚೆ ತಗ್ಗಿನ ಬಾಗಿಲು. ಹೊರಗೆ ಕಲ್ಲಿನ ಮೇಲೆ ಹತ್ತು ಹನ್ನೆರಡು ಜೊತೆ ಪಾದರಕ್ಷೆ, ಸಾಲಾಗಿ. ಒಳಗೆ ಕತ್ತಲು, ಗೋಡೆಯಲ್ಲಿ ಮೇರಿಯಮ್ಮನ ಪಟ, ಅದರ ಮುಂದೊಂದು ಸಣ್ಣ ದೀಪ.

ಯಾರೂ ಯಾರನ್ನೂ ಕೇಳಲಿಲ್ಲ. ಅನ್ನಪೂರ್ಣವ್ವ ಲೇಸು ಬಿಚ್ಚದೆ, ಒಂದು ಕಾಲಿನಿಂದ ಇನ್ನೊಂದರ ಹಿಮ್ಮಡಿ ಒತ್ತಿ ಬೂಟು ಕಳಚಿದಳು. ಮಗಳು ಶಾಂಭವಿಯೂ ಕಳಚಿದಳು. ಗೌರೀಶ ಮೂರೂ ಜೊತೆಗಳನ್ನು ಸಾಲಿನ ತುದಿಗೆ ಒಪ್ಪವಾಗಿ ಜೋಡಿಸಿದ. ಮೂವರೂ ಒಳಗೆ ಹೋಗಿ ಕೈ ಮುಗಿದರು. ಅನ್ನಪೂರ್ಣವ್ವ ತೀರ್ಥಕ್ಕೆ ಅಂಗೈಯನ್ನೂ ಚಾಚಿದಳು.

ಎದುರಿಗಿದ್ದ ಮುದುಕನ ಬಾಯಿ ತುಂಬ ಮೊಳೆ, ಕೈಯಲ್ಲಿ ಸುತ್ತಿಗೆ, ತೊಡೆಯ ಮೇಲೆ ಯಾರದೋ ಬೂಟು. ಅವನು ಚಾಚಿದ ಕೈಯನ್ನು ನೋಡಿದ. ಜೇಬು ತಡಕಿ ಒಂದು ನಿಂಬೆ ಪೆಪ್ಪರಮೆಂಟು ಇಟ್ಟ.

"ಅಯ್ಯ, ಅತ್ತಿಯವ್ರ, ಇದು ಶೂ ರಿಪೇರಿ ಅಂಗಡೀರಿ!"

"ಹರಳಯ್ಯನ ಗುಡಿ ಅನ್ರಿ. ಏನಾತೀಗ?" ಎಂದು ಆಕೆ ಪೆಪ್ಪರಮೆಂಟನ್ನು ಕಣ್ಣಿಗೊತ್ತಿ ಬಾಯಿಗೆ ಹಾಕಿಕೊಂಡಳು.

ಅಷ್ಟರಲ್ಲಿ ಮುದುಕ ಹೊರಗೆ ಹೋಗಿ ಬಿಳೀ ಬೂಟು ತಂದಿದ್ದ. ಲೇಸು ಬಿಚ್ಚಿ, ತಿರುಗಿಸಿ, ಒಂದೇ ಮಗ್ಗುಲು ಸವೆದ ಹಿಮ್ಮಡಿಯನ್ನು ತೋರಿಸಿ ಲೊಚಗುಟ್ಟಿದ. ಎರಡು ಸಲ ಹತ್ತು ಬೆರಳು ಎತ್ತಿದ: ಇಪ್ಪತ್ತು ನಿಮಿಷ. ಆಮೇಲೆ ಸ್ಟೂಲೊಂದನ್ನು ಒರೆಸಿ ಮುಂದಿಟ್ಟ.

"ಕೂಡ್ರಿ, ಅತ್ತಿಯವ್ರ," ಅಂದ ಗೌರೀಶ. ಅವನ ದನಿಯಲ್ಲಿ ಎಕ್ಸೆಲ್ ಶೀಟಿನ ನೆಮ್ಮದಿಯಿತ್ತು.

ಅನ್ನಪೂರ್ಣವ್ವ ಸ್ಟೂಲನ್ನೊಮ್ಮೆ, ಅಳಿಯನನ್ನೊಮ್ಮೆ ನೋಡಿದಳು. "ನೀವ ಕೂಡ್ರಿ, ಅಳಿಯದೇವ್ರ."

ಬರಿಗಾಲಲ್ಲೇ ಹೊರಟಳು. ಬಿಸಿಲಿಗೆ ಕಲ್ಲು ಬೆಚ್ಚಗಿತ್ತು. ಶಾಂಭವಿ ಬೂಟು ಮೆಟ್ಟಿ ಹಿಂದೆಯೇ ಓಡಿದಳು. ಗೌರೀಶ ಕ್ಯಾಮೆರಾ ಚೀಲ ಹೊತ್ತು ಇಬ್ಬರ ಹಿಂದೆ. ಕೊನೆಯ ಏರಿನಲ್ಲಿ ಅನ್ನಪೂರ್ಣವ್ವ ಗೋಡೆ ಹಿಡಿದು ನಿಂತಳು. ಇನ್ನೊಂದು ಕೈಯಿಂದ ಮೊಣಕಾಲು ನೀವಿಕೊಂಡಳು.

"ಅವ್ವಾ, ಸಾಕ್ ಬಿಡ. ಅವ್ರು ಸುಮ್ನ ಅಂದಿದ್ದು."

"ನಾ ಸುಮ್ನ ಅಂದಿಲ್ಲ."

ತುದಿಯ ಕಾರಂಜಿಯನ್ನು ಮುಟ್ಟಿ, ಮುಖ ತೊಳೆದು, ನಿಂತೇ ನೀರು ಕುಡಿದು ತಿರುಗಿದಳು.

ಅಂಗಡಿಯಲ್ಲಿ ಬೂಟು ತಯಾರಾಗಿತ್ತು. ತೊಂದರೆಯೆಂದರೆ, ಬಗ್ಗಿ ಲೇಸು ಕಟ್ಟುವುದು ಆಕೆಯಿಂದಾಗದು, ಕಟ್ಟಬೇಕಾದರೆ ಕೂರಬೇಕು. ಶಾಂಭವಿ ಬಗ್ಗುವಷ್ಟರಲ್ಲಿ ಗೌರೀಶ ಚೀಲ ಕೆಳಗಿಟ್ಟು, ಅತ್ತೆಯ ಪಾದದ ಬಳಿ ಮಂಡಿಯೂರಿದ.

ಅನ್ನಪೂರ್ಣವ್ವ ಗಾಬರಿಯಾಗಿ ಹಿಂದೆ ಸರಿದಳು. "ಏ ಬ್ಯಾಡ್ರಿ! ಅಳ್ಯಾ ಕಾಲು ಹಿಡೀತಾರೇನು? ಮಂದಿ ನೋಡಿದ್ರ?"

"ಮಂದಿ ಎಲ್ಲದಾರ ಇಲ್ಲೆ? ಸುಮ್ನ ನಿಂದರ್ರಿ. ಕುಂತ್ರಂದ್ರ ವೆನಿಸ್ ಕ್ಯಾನ್ಸಲ್."

ಅವನು ಒಂದೊಂದು ಬೂಟಿಗೂ ಎರಡೆರಡು ಗಂಟು ಹಾಕಿದ.