ವಾಚಕಪೀಠ ಏರಿದ ಎವರಿಸ್ತೋ

ಹನ್ನೊಂದು ವರ್ಷ ನನ್ನ ಪಕ್ಕದ ಮೇಜಿನಲ್ಲಿ ಕುಳಿತು ಚುಟ್ಟ ಸುತ್ತಿದ ಎವರಿಸ್ತೋ, ಅಷ್ಟೂ ವರ್ಷ ನಾನು ಆಡಿದ ಬೈಗುಳಗಳನ್ನೆಲ್ಲ ಸದ್ದಿಲ್ಲದೆ ಕದ್ದು, ತನ್ನ ಕಥೆಯಲ್ಲಿ ಹೇಸರಗತ್ತೆ ಹೊಡೆಯುವವನೊಬ್ಬನ ಬಾಯಿಗೆ ತುರುಕಿದ. ನನ್ನನ್ನು ಒಂದು ಮಾತು ಕೇಳಲಿಲ್ಲ. ಆ ಸಿಟ್ಟು ನನಗೆ ಈಗಲೂ ಆರಿಲ್ಲ.

ಅವನನ್ನು ನೆನೆದರೆ ಮೊದಲು ಕಾಣುವುದು ಆ ತುಟಿಗಳು. ಅಮೆರಿಕದ ಟ್ಯಾಂಪಾದ ನಮ್ಮ ಚುಟ್ಟದ ಕಾರ್ಖಾನೆಯಲ್ಲಿ ವಾಚಕರಾದ ದೊನ್ ಕಾಸಿಮಿರೋ ಎತ್ತರದ ಪೀಠದಲ್ಲಿ ಕುಳಿತು ಬೆಳಿಗ್ಗೆ ಪತ್ರಿಕೆ, ಮಧ್ಯಾಹ್ನ ಕಾದಂಬರಿ ಓದುತ್ತಿದ್ದರೆ, ಮುನ್ನೂರು ಜನ ಹೊಗೆಸೊಪ್ಪು ಸುತ್ತುತ್ತ ಕಿವಿಗೊಡುತ್ತಿದ್ದೆವು. ಎವರಿಸ್ತೋನ ತುಟಿಗಳು ಮಾತ್ರ ಒಂದೊಂದು ವಾಕ್ಯವನ್ನೂ ಜಗಿದು ನುಂಗುತ್ತಿದ್ದವು. ಕ್ಯೂಬಾದ ಹಡಗಿನಿಂದ ಇಳಿದಾಗ ತನ್ನ ಹೆಸರು ಬರೆಯಲೂ ಬಾರದಿದ್ದ ಈ ಮನುಷ್ಯ ಚುಟ್ಟಗಳಿಗೆ ತೊಡಿಸುವ ಹೆಸರಚ್ಚಿನ ಕಾಗದದುಂಗುರ ನೋಡಿ ಅಕ್ಷರ ಕಲಿತ, ಪೆಟ್ಟಿಗೆಗೆ ಅಂಟಿಸುವ ಚಿತ್ರಚೀಟಿಗಳ ಬೆನ್ನಿಗೆ ಕಥೆ ಬರೆದ. ಜುಲೈ ಸೆಖೆಯಲ್ಲೂ ಮೊಣಕೈ ಸವೆದ ಕಪ್ಪು ಉಣ್ಣೆಯ ಕೋಟನ್ನು ಬಿಚ್ಚುತ್ತಿರಲಿಲ್ಲ, ಏಕೆಂದರೆ ವಾಚಕರು ಕೋಟು ತೊಡುತ್ತಿದ್ದರು.

"ಲೋ, ಬೆಂದುಹೋಗ್ತೀಯ ಕಣೋ," ಎಂದು ನಾನು ಗದರಿದರೆ, "ಅಭ್ಯಾಸ ಆಗ್ಲಿ ಬಾಸಿಲಿಯೋ, ನಾಳೆ ಆ ಪೀಠದ ಮೇಲೆ ಕೂತಾಗ ಹೊಸದು ಅನ್ನಿಸ್ಬಾರ್ದು," ಎನ್ನುತ್ತಿದ್ದ.

ಈ ಹಠದ ಬುಡದಲ್ಲಿದ್ದವಳು ಚುಟ್ಟಗಳಿಗೆ ಉಂಗುರ ತೊಡಿಸುತ್ತಿದ್ದ ಎರ್ಮೀನಿಯಾ, ದೊನ್ ಕಾಸಿಮಿರೋ ಅವರ ಮಗಳು. ಹೆಣ್ಣು ಕೇಳಲು ಹೋದವನಿಗೆ ಮುದುಕರು ಹೇಳಿದ್ದು ಇಷ್ಟು: "ಇದು ಅಮೆರಿಕ ಕಣಯ್ಯ. ಇಲ್ಲಿ ಯಾರ ಮಗ ಅಂತ ಕೇಳಲ್ಲ, ಎಲ್ಲಿ ಕೂತಿದಾನೆ ಅಂತ ಕೇಳ್ತಾರೆ. ಮುಂದಿನ ತಿಂಗಳು ನನ್ನ ಕುರ್ಚಿ ಖಾಲಿ ಆಗುತ್ತೆ. ಅದರ ಮೇಲೆ ಕೂತು, ಆಮೇಲೆ ಬಂದು ಕೇಳು."

ವಾಚಕನನ್ನು ಆರಿಸುತ್ತಿದ್ದವರು ನಾವೇ, ಸಂಬಳ ಕೊಡುತ್ತಿದ್ದವರೂ ನಾವೇ. ಓದು ಹಿಡಿಸಿದರೆ ಎಲೆ ಕೊಯ್ಯುವ ಕತ್ತಿಯಿಂದ ಮೇಜಿನ ಹಲಗೆಯನ್ನು ಕುಟ್ಟುತ್ತಿದ್ದೆವು. ಹಿಡಿಸದಿದ್ದರೆ ಕತ್ತಿಯನ್ನು ನೆಲಕ್ಕೆ ಬಿಸುಡುತ್ತಿದ್ದೆವು. ಮೊದಲ ಕತ್ತಿಯ ಹಿಂದೆಯೇ ಉಳಿದವೂ ದಬದಬನೆ ಬೀಳುವುದು ರೂಢಿ.

ಪರೀಕ್ಷೆಯ ದಿನ ಪೀಠಕ್ಕೆ ಪೈಪೋಟಿಗಿಳಿದ ಉಳಿದಿಬ್ಬರು ಹೆಸರಾಂತ ಗ್ರಂಥಗಳನ್ನು ತಂದರು. ಎವರಿಸ್ತೋ ತಂದದ್ದು ಚೀಟಿಗಳ ಕಟ್ಟು. ಯಾರ ಕಥೆಯೆಂದು ಹೇಳದೆಯೇ ಓದತೊಡಗಿದ. ಅದರೊಳಗಿನ ಹೇಸರಗತ್ತೆಯವನು ಬಾಯಿ ತೆರೆದದ್ದೇ ತಡ, "ನಿನ್ನ ಅಜ್ಜಿಯ ಹಲ್ಲಿಗೆ ಸಿಡಿಲು ಬಡಿಯ!" ಅದು ನನ್ನದು, ನನ್ನ ಸ್ವಂತ ಸೃಷ್ಟಿ! ಇಡೀ ಕಾರ್ಖಾನೆ ನನ್ನತ್ತ ತಿರುಗಿ ನಕ್ಕಿತು. "ಬಾಸಿಲಿಯೋ, ಕತ್ತೆ ಎಲ್ಲಿ ಕಟ್ಟಿದೀಯಪ್ಪ?" ಎಂದು ಹಿಂದಿನಿಂದ ಯಾರೋ ಕೂಗಿದರು. ನಾನು ಕತ್ತಿಯನ್ನು ನೆಲಕ್ಕೆ ಬಿಸುಟೆ.

ನಗು ನಿಂತಿತು. ಎವರಿಸ್ತೋ ಓದು ನಿಲ್ಲಿಸಿದ. ಆಗ ಎರ್ಮೀನಿಯಾ ಎದ್ದು ನಿಂತಳು.

"ಬಿದ್ದಿರೋದು ಒಂದೇ ಕತ್ತಿ. ಮುಂದೆ ಓದಿ."

ಓದಿದ. ಕಥೆಯ ಆ ಬೈಗುಳದವನು, ತನಗೆ ಮೋಸ ಮಾಡಿದವನ ಮುದಿತಾಯಿಯನ್ನು ಹೆಗಲ ಮೇಲೆ ಹೊತ್ತು, ದಾರಿಯುದ್ದಕ್ಕೂ ಅವಳನ್ನು ಬೈಯುತ್ತಲೇ, ಎದೆಮಟ್ಟದ ಪ್ರವಾಹವನ್ನು ದಾಟಿಸಿಬಿಟ್ಟ. ಕೊನೆಯ ವಾಕ್ಯ ಮುಗಿದದ್ದೇ ಕತ್ತಿಗಳು ಒಮ್ಮೆಗೇ ಹಲಗೆಗಳ ಮೇಲೆರಗಿ, ಕಿಟಕಿಯ ಗಾಜು ಅದುರಿ, ಬೀದಿಯ ರೊಟ್ಟಿಯವನು ಗಾಡಿ ನಿಲ್ಲಿಸಿ ಒಳಗೆ ಇಣುಕಿದ.

"ಯಾವ ಪುಸ್ತಕ ಇದು?" ದೊನ್ ಕಾಸಿಮಿರೋ ಕೇಳಿದರು.

"ಇನ್ನೂ ಪುಸ್ತಕ ಆಗಿಲ್ಲ, ದೊನ್ ಕಾಸಿಮಿರೋ."

ಮುದುಕರು ಎದ್ದು ತಮ್ಮ ಕುರ್ಚಿಯನ್ನು ಕರವಸ್ತ್ರದಿಂದ ಒರೆಸಿಕೊಟ್ಟರು. ಎರ್ಮೀನಿಯಾಳೋ, "ಅಪ್ಪನ್ನ ಬಿಟ್ಟು ನನ್ನನ್ನ ಕೇಳಿದ್ರೆ ಕುರ್ಚಿ ಇಲ್ದೇನೇ ಬರ್ತಿದ್ದೆ. ಕೋಟು ಮಾತ್ರ ಬಿಚ್ಚಿಸ್ತಿದ್ದೆ," ಎಂದು ಎಲ್ಲರೆದುರಿಗೇ ಹೇಳಿ ಅವನ ಕಿವಿ ಕೆಂಪಾಗಿಸಿದಳು.

ಇಂಥವರನ್ನು ತಮ್ಮನ್ನು ತಾವೇ ಕಟ್ಟಿಕೊಂಡವರು ಎಂದು ಈ ದೇಶ ಹೊಗಳುತ್ತದೆ. ನಾನು ಒಪ್ಪುವುದಿಲ್ಲ. ಅವರು ಕಟ್ಟಿಕೊಳ್ಳುವುದು ನಮ್ಮಿಂದ. ನಮ್ಮಲ್ಲಿದೆಯೆಂದು ನಮಗೇ ತಿಳಿಯದ ಒಳ್ಳೆಯದನ್ನು ಹೇಳದೆ ಕೇಳದೆ ಎತ್ತಿಕೊಂಡು, ಮೇಲೆ ಹತ್ತಿ, ಎಲ್ಲರಿಗೂ ಕಾಣುವಂತೆ ಹಿಡಿಯುತ್ತಾರೆ. ಎವರಿಸ್ತೋ ಆ ಪೀಠದಲ್ಲಿ ಒಂಬತ್ತು ವರ್ಷ ಓದಿ, ಹೆಂಡತಿಯೊಡನೆ ನ್ಯೂಯಾರ್ಕಿಗೆ ಹೋಗಿ, ಅಚ್ಚಾದ ಪುಸ್ತಕಗಳ ಲೇಖಕನಾದ. ಆ ಒಂಬತ್ತು ವರ್ಷವೂ ದಿನದ ಓದು ಮುಗಿದಾಗ ಕತ್ತಿಗಳೆಲ್ಲ ಕುಟ್ಟುತ್ತಿದ್ದವು. ನಾನು ಮಾತ್ರ ಕೈಕಟ್ಟಿ ಕುಳಿತಿರುತ್ತಿದ್ದೆ. ನನ್ನ ಪಾಲಿನ ಒಂದು ಕುಟ್ಟು ಅವನಿಗೆ ಸಲ್ಲಬೇಕಾದದ್ದು, ಸಲ್ಲಿಸಲಿಲ್ಲ.