ಸುಣ್ಣ ಹಚ್ಚಿದ ಗೂಟಗಳು

ಏಳನೆಯ ಗೂಟ ಸುಲಭಕ್ಕೆ ಬರಲಿಲ್ಲ. ಹಣಮಂತ್ರಾಯ ನೀರಿನ ತಂಬಿಗೆಯನ್ನು ಬದುವಿನ ಮೇಲಿಟ್ಟು, ಎರಡೂ ಕೈಯಿಂದ ಅತ್ತಿತ್ತ ಅಲುಗಾಡಿಸಿ ಕಿತ್ತ. ಬೆಳಗಿನ ಜಾವ ತಂಬಿಗೆ ಹಿಡಿದು ಹೊರಟವನನ್ನು ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ. ಆ ಧೈರ್ಯದಲ್ಲೇ ಅವನು ತನ್ನ ಹೊಲ ದಾಟಿ ಹಾಳೂರ ದಿಬ್ಬದ ಬುಡಕ್ಕೆ ಬಂದಿದ್ದ. ಒಂಬತ್ತೂ ಗೂಟ ಕಿತ್ತು, ಕುಳಿಗಳನ್ನು ಕಾಲಿನಿಂದ ಮುಚ್ಚಿ, ಕಂಬಳಿಯಲ್ಲಿ ಸುತ್ತಿ ತಂದು ಜೋಳದ ಕಣಕಿಯ ಬಣವಿಯೊಳಗೆ ತುರುಕಿದ.

ಗೂಟ ಬಡಿಸಿದ್ದು ಊರು ಕಾಯುವ ವಾಲೀಕಾರ ಚಂದ್ರಾಮ. "ಮುಟ್ಟಬ್ಯಾಡ್ರಿ, ಸರಕಾರದ್ದು" ಎಂದಷ್ಟೇ ಹೇಳಿ ಬೀಡಿ ಹಚ್ಚಿಕೊಂಡು ಹೋಗಿದ್ದ. ಆ ಒಂದು ಮಾತು ಸಾಕಾಗಿತ್ತು. ಮುದ್ದೇಬಿಹಾಳದ ಕಡೆ, ಹೊಳೆದಂಡೆಯ ಊರಿನಲ್ಲಿ, ಹಣಮಂತ್ರಾಯನ ಅಂಗಳದಲ್ಲೂ ಹೀಗೇ ಸುಣ್ಣ ಹಚ್ಚಿದ ಗೂಟ ಬಂದಿದ್ದವು. ಸರ್ವೆದವನು ಅವನ ಮನೆಯಲ್ಲೇ ಹೋಳಿಗೆ ಉಂಡು, "ಸುಮ್ನ ಅಳತಿ ನೋಡಾಕತ್ತೀವ್ರಿ, ನಿಮಗೇನೂ ಆಗೂದಿಲ್ಲ" ಎಂದು ಕೈ ತೊಳೆದುಕೊಂಡು ಹೋಗಿದ್ದ. ನಾಲ್ಕು ವರ್ಷಕ್ಕೆ ಮನೆ, ತುಳಸಿಕಟ್ಟೆ, ಬೇವಿನ ಮರ ಎಲ್ಲ ಅಣೆಕಟ್ಟಿನ ಹಿನ್ನೀರಿನಡಿ ಹೋದವು. ಅಲ್ಲಿಂದ ಎದ್ದು ಬಂದು ಸಿಂದಗಿ ತಾಲ್ಲೂಕಿನ ಮೋರಟಗಿಯಲ್ಲಿ ಈ ನಾಲ್ಕೆಕರೆ ಹಿಡಿದು ಏಳು ವರ್ಷವಾಗಿತ್ತು. ಇನ್ನೊಮ್ಮೆ ಗಂಟುಮೂಟೆ ಕಟ್ಟುವ ಶಕ್ತಿ ಅವನಲ್ಲಿರಲಿಲ್ಲ.

ಈ ಸಲ ಬಂದದ್ದು ಮಿಲಿಟರಿಯವರು. ಕಾರ್ಗಿಲ್ ಯುದ್ಧ ಮುಗಿದು ಮೂರು ವರ್ಷವಾಗಿತ್ತು. ಲಾರಿಯ ಮೇಲೆ ಒಂದು ಮೊಂಡು ಮೂತಿಯ ಗಾಡಿ ತಂದಿದ್ದರು. ಜೀಪಿಗಿಂತ ದೊಡ್ಡದು, ಟ್ಯಾಂಕಿಗಿಂತ ಚಿಕ್ಕದು, ಮೈತುಂಬ ದಪ್ಪ ಉಕ್ಕು, ಕಿಟಕಿಯ ಜಾಗದಲ್ಲಿ ಅಂಗೈ ಅಗಲದ ಸೀಳು. ಅದನ್ನು ಕಟ್ಟಿದವರಲ್ಲಿ ಒಬ್ಬನಾದ ಚಡಚಣದ ಇಂಜಿನಿಯರ್ ಅರುಣಕುಮಾರ ಪಂಚಾಯ್ತಿ ಕಟ್ಟೆಯಲ್ಲಿ ಕೂತು ಹೇಳಿದ್ದ, "ಒಂಬತ್ತು ವರ್ಷ ಆತ್ರಿ ಇದರ ಹಿಂದ ಬಿದ್ದು. ಗುಂಡು ತಡಿಯೂ ಹಂಗ ಮಾಡಿದ್ರ ಭಾರ ಆಗ್ತೈತಿ, ಹಗರ ಮಾಡಿದ್ರ ಗುಂಡು ಹೊಗ್ತೈತಿ. ಮಳಿ ಕುಡದ ಎರಿ ಹೊಲದಾಗ ಓಡಿತಂದ್ರ ಎಲ್ಲಿ ಬೇಕಾದ್ರೂ ಓಡತೈತ್ರಿ." ಊರೆಲ್ಲ ತಲೆ ಆಡಿಸಿತು. ಹಿಂಗಾರಿಗೆಂದು ಹೊಲ ಖಾಲಿ ಬಿಟ್ಟಿದ್ದ ಹಣಮಂತ್ರಾಯನೂ ಆಡಿಸಿದ. ಮನಸ್ಸಿನಲ್ಲಿ ಮಾತ್ರ, ದೇಶದಲ್ಲಿ ಇವರಿಗೆ ನನ್ನ ಹೊಲವೇ ಸಿಗಬೇಕೇ ಎಂದುಕೊಂಡ.

ಕೈ ತೊಳೆದು ಒಳಗೆ ಬಂದರೆ ಪಡಸಾಲೆಯಲ್ಲಿ ಆ ಗಾಡಿಯ ಡ್ರೈವರ್ ಕೂತಿದ್ದ. ಸಿದ್ದಾರೂಢ, ಇಂಡಿ ತಾಲ್ಲೂಕಿನ ಅಗರಖೇಡದವನು. ಎರಡು ದಿನದಿಂದ ರೊಟ್ಟಿಗೆ ಇಲ್ಲಿಗೇ ಬರುತ್ತಿದ್ದ. ಹಣಮಂತ್ರಾಯನ ಹೆಂಡತಿ ರೇಣವ್ವ ಬಿಸಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿ, ಕೆನೆಮೊಸರು ಹಾಕಿದಳು. ಅವನ ಬಲಗೈಯಲ್ಲಿ ಮೂರೇ ಬೆರಳು.

"ಕಾಶ್ಮೀರದಾಗ ಜೀಪಿನಾಗ ಹೊಂಟಿದ್ವಿ ಯವ್ವಾ" ಎಂದ. "ಅದರ ಮೈ ಬರೇ ತಗಡು. ಗುಂಡು ಈ ಕಡೆ ಹೊಕ್ಕು ಆ ಕಡೆ ಹೊಂಟು ಬಿಟ್ಟುವು. ನನಗ ಎರಡು ಬೆರಳು ಹೋದುವು, ನನ್ನ ಇಬ್ಬರು ಜೋಡಿದಾರರು ಹೋದ್ರು. ಆವತ್ತು ಈ ಗಾಡಿ ಇದ್ದಿದ್ರ ಅವರೂ ರೊಟ್ಟಿ ತಿಂತಿದ್ರು."

ರೇಣವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹಣಮಂತ್ರಾಯನಿಗೆ ಮಾತ್ರ ಆ ಸರ್ವೆದವನ ನೆನಪಾಯಿತು. ಅವನೂ ಹೀಗೇ ಮನೆಮಗನಂತೆ ಕೂತು, ತನ್ನ ತಾಯಿಯ ಜಡ್ಡಿನ ಸುದ್ದಿ ಹೇಳಿಕೊಂಡಿದ್ದ. ಸಿದ್ದಾರೂಢ ಎದ್ದು ಹೋದ ಮೇಲೆ ರೇಣವ್ವ ಗಂಡನ ಕೈ ಹಿಡಿದು ನೋಡಿದಳು.

"ಉಗುರಾಗ ಸುಣ್ಣ ಎಲ್ಲಿಂದ ಬಂತ್ರಿ?"

"ಎಲಿ ಅಡಿಕಿ ಹಾಕ್ಕೊಂಡಿದ್ದೆ."

ಅವಳು ಅವನ ಕೈ ಬಿಟ್ಟು, ದನಕ್ಕೆ ಕಣಕಿ ತರಲು ಬಣವಿಯ ಕಡೆ ನಡೆದಳು.

ಹತ್ತು ಗಂಟೆಗೆ ಪರೀಕ್ಷೆ. ಅರುಣಕುಮಾರ ಮತ್ತು ಅಧಿಕಾರಿಗಳು ವೈರ್‌ಲೆಸ್ ಹಿಡಿದು ಹೊಲದ ಆಚೆ ತುದಿಯಲ್ಲಿ ನಿಂತರು. ಗಾಡಿ ಅಲ್ಲಿಂದ ಹೊರಟು, ಕೆಸರು ಹಾಯ್ದು, ಹಾಳೂರ ದಿಬ್ಬ ಏರಬೇಕು. ಹಣಮಂತ್ರಾಯ ದಿಬ್ಬದ ಮೇಲೆ ಹೋಗಿ ನಿಂತ. ಗೂಟ ಇಲ್ಲದ್ದನ್ನು ಕಂಡು ಇವರ ಮುಖ ಹೇಗಾಗುತ್ತದೆ, ಆಗ ಹೊಲ ಹಿಡಿಯಲು ಬಂದ ನಿಜ ಹೊರಬೀಳುತ್ತದೋ ಇಲ್ಲವೋ ನೋಡೋಣ ಎಂಬುದು ಅವನ ಲೆಕ್ಕ. ಗಾಡಿ ಗುರ್ ಎಂದು ಹೊರಟಿತು. ಎತ್ತುಗಳೇ ಹೆದರುವ ಆ ಕೆಸರಿನಲ್ಲಿ, ಮಣ್ಣು ಎರಚುತ್ತ, ನಿಲ್ಲದೆ ಬಂತು. ಹಣಮಂತ್ರಾಯನಿಗೂ ಒಂದು ಕ್ಷಣ ಶಹಬ್ಬಾಸ್ ಎನ್ನಿಸಿತು.

ಕುಂಟುತ್ತ ದಿಬ್ಬ ಹತ್ತಿ ಬಂದ ಚಂದ್ರಾಮನ ಬಾಯಿಂದ ಬೀಡಿ ಬಿತ್ತು.

"ಗೂಟ ಎಲ್ಲಿ ಹೋದುವು?"

"ಯಾಕ, ಏನಾತು?"

"ಅಲ್ಲಿ ಜಾಲಿ ಗಿಡದ ಮುಂದ ಸಾಲಿಗೆ ಒಂಬತ್ತು ಹಗೇವು ಅದಾವೋ ಮಾರಾಯ. ಹಿಂದಿನವರು ಜ್ವಾಳ ತುಂಬಿಡ್ತಿದ್ರಲ್ಲ, ಅವು. ಬಾಯಿಗೆ ಹಳೇ ಹಾಸುಗಲ್ಲು ಅಷ್ಟ ಅದಾವ. ಗೂಟ ಕಂಡಕೂಡಲೇ ಎಡಕ್ಕ ಹೊಳ್ಳು ಅಂತ ಆ ಹುಡುಗಗ ಹೇಳ್ಯಾರ. ಎರಡಾಳು ಆಳ ಐತಿ. ಮೂರು ಮಂದಿ ಕುಂತಾರ ಒಳಗ."

ಹಣಮಂತ್ರಾಯ ಏಳು ವರ್ಷವಾದರೂ ಈ ನೆಲಕ್ಕೆ ಹೊಸಬ. ಇಲ್ಲಿ ಹಗೇವು ಇರುವುದು ಅವನಿಗೆ ಗೊತ್ತಿರಲಿಲ್ಲ. ಬಿದ್ದರೆ ಬೀಳಲಿ, ಮತ್ತೆಂದೂ ಈ ಹೊಲದ ಕಡೆ ತಲೆ ಹಾಕಲಾರರು ಎಂಬ ಮಾತು ಅವನ ಮನಸ್ಸಿನಲ್ಲಿ ಹಾದುಹೋಯಿತು. ಹಾದುಹೋಗಲಿಲ್ಲ ಎಂದು ಸುಳ್ಳು ಹೇಳಬಾರದು. ಅದರ ಬೆನ್ನಿಗೇ ಮೊಸರು ಹತ್ತಿದ ಮೂರು ಬೆರಳು ಕಣ್ಣಿಗೆ ಬಂದವು. ಅವನು ದಿಬ್ಬ ಇಳಿದು ಓಡಿದ. ಚಪ್ಪಲಿ ಎರೆಮಣ್ಣಿನಲ್ಲೇ ಉಳಿದವು. ಜಾಲಿ ಗಿಡ ದಾಟಿ, ಗಾಡಿಗೆ ಎದುರಾಗಿ, ತಲೆಯ ಬಿಳಿ ರುಮಾಲು ಬಿಚ್ಚಿ ಎತ್ತಿ ಹಿಡಿದು ನಿಂತ. ಆ ಸೀಳಿನಿಂದ ತಾನು ಕಾಣುತ್ತೇನೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ರುಮಾಲನ್ನು ಮತ್ತೆ ಮತ್ತೆ ಬೀಸಿದ. ಗಾಡಿ ಜಾರಿತು, ಅಡ್ಡ ತಿರುಗಿತು, ಅವನಿಂದ ನಾಲ್ಕು ಮಾರು ದೂರದಲ್ಲಿ ನಿಂತಿತು.

ಅರುಣಕುಮಾರ ಕೆಸರು ತುಳಿದು ಓಡಿ ಬಂದ. "ಗೂಟ ಯಾರು ಕಿತ್ತಿದ್ದು?"

"ನಾನ ಕಿತ್ತೇನ್ರಿ" ಎಂದ ಹಣಮಂತ್ರಾಯ. "ನಮ್ಮೂರಾಗೂ ಹಿಂಗ ಬಡದಿದ್ರು. ಊರು ಹೋತು."

"ಪೊಲೀಸರಿಗೆ ಹೇಳ್ರಿ ಸಾಹೇಬ್ರ" ಎಂದ ಚಂದ್ರಾಮ.

"ನೀ ಬಾಯಿ ಮುಚ್ಚು. ಹಗೇವು ಅದಾವ ಅಂತ ಹೇಳಾಕ ನಿನಗೇನಾಗಿತ್ತು?" ಎಂದಳು ರೇಣವ್ವ. ಅವಳು ಯಾವಾಗ ಬಂದಳೋ, ಕಂಕುಳಲ್ಲಿ ಕಂಬಳಿಯ ಗಂಟು ಇತ್ತು. ಗಂಟನ್ನು ಗಂಡನ ಕಾಲ ಬಳಿ ಬಿಚ್ಚಿದಳು. ಗೂಟಗಳು ಉರುಳಿದವು.

ಅರುಣಕುಮಾರ ಕಾಲಿಗೆ ತಾಗಿದ ಗೂಟವೊಂದನ್ನು ಪಕ್ಕಕ್ಕೆ ಸರಿಸಿದ. "ನಿಮ್ಮ ಹೊಲ ನಮಗ ಬ್ಯಾಡ್ರಿ. ನಾಳೆ ಗಾಡಿ ಹೋಗ್ತೈತಿ, ಗೂಟನೂ ಹೋಗ್ತಾವ."

"ಅವರೂ ಹಿಂಗ ಅಂದಿದ್ರು" ಎಂದ ಹಣಮಂತ್ರಾಯ.

ಇಂಜಿನಿಯರ್ ತಿರುಗಿ ಚಂದ್ರಾಮನಿಗೆ ಕೈಸನ್ನೆ ಮಾಡಿದ. ಚಂದ್ರಾಮ ಹಗೇವಿನ ಬಾಯಿಗಳನ್ನು ಹುಡುಕಿ ಅವುಗಳ ಅಂಚಿಗೆ ಗುರುತು ಮಾಡಿದ. ಗೂಟ ಬಡಿಯಲು ಯಾರೂ ಮುಂದೆ ಬರಲಿಲ್ಲ. ಸಿದ್ದಾರೂಢ ಗಾಡಿಯಿಂದ ಇಳಿದು, ಒಂದು ಗೂಟ ಎತ್ತಿಕೊಂಡು ಮೊದಲ ಗುರುತಿನ ಬಳಿ ಮಂಡಿಯೂರಿದ. ಬಲಗೈಯಿಂದ ಅದನ್ನು ನೆಟ್ಟಗೆ ಹಿಡಿದ.

"ಬಡೀರಿ ಕಾಕಾ" ಎಂದು ಹಣಮಂತ್ರಾಯನತ್ತ ತಿರುಗಿದ.

"ಕೈ ತಗೀಪಾ" ಎಂದ ಚಂದ್ರಾಮ. "ಅವನ ಕೈಯಾಗ ಕಲ್ಲು ಕೊಟ್ಟು ಕೈ ಇಡ್ತಿ ಏನು?"

ಸಿದ್ದಾರೂಢ ಕೈ ತೆಗೆಯಲಿಲ್ಲ. ಹಣಮಂತ್ರಾಯ ಬಗ್ಗಿ ಒಂದು ಕಲ್ಲು ಎತ್ತಿಕೊಂಡ. ಸುಣ್ಣದ ತಲೆಯನ್ನೊಮ್ಮೆ, ಅದರ ಕೆಳಗಿನ ಕೈಯನ್ನೊಮ್ಮೆ ನೋಡಿದ.

"ಇನ್ನಾ ಸ್ವಲ್ಪ ಕೆಳಗ ಹಿಡಿ" ಎಂದ.

ಮೂರು ಬೆರಳು ಕೆಳಗೆ ಸರಿದವು. ಹಣಮಂತ್ರಾಯ ಕಲ್ಲನ್ನು ಮೆಲ್ಲಗೆ ಎತ್ತಿದ.