ಹದಿನಾಲ್ಕು ಡಾಕ್ಟರು, ಒಂದು ಹೊಟ್ಟೆ

"ಏ ಮೂಳಿ, ಇನ್ನೊಂದು ಗ್ಲಾಸ್ ಏರಿಸು! ನಡುವ ಉಚ್ಚಿಗೆ ಎದ್ದು ಹೋದಿ ಅಂದ್ರ ಮತ್ತ ಮೊದಲಿಂದ ಕುಡಿಸ್ತೇನಿ ನೋಡು!"

ಆಯಾ ಮುಕ್ತಾ ಅಕ್ಕಲಕೋಟೆ ಕಡೆಯವಳು, ಕನ್ನಡದಲ್ಲೇ ಬಯ್ಯುತ್ತಿದ್ದಳು. ರಾಯಚೂರು ಬಿಟ್ಟು ಬಂದ ಮರಗಮ್ಮನಿಗೆ ಮರಾಠಿ ನಾಡಿನ ಈ ಬೇಲಾಪುರದಲ್ಲಿ ಸಿಗುತ್ತಿದ್ದ ಸುಖ ಅದೊಂದೇ. ಏಳನೆಯ ಗ್ಲಾಸು ನೀರು ಗಂಟಲಿಗೆ ಇಳಿಯಿತು. ಹೊಟ್ಟೆಯೊಳಗಿನದು ಪರದೆಯ ಮೇಲೆ ಚೆನ್ನಾಗಿ ಮೂಡಬೇಕಾದರೆ ಮೂತ್ರ ಕಟ್ಟಿಕೊಂಡು ಮಲಗಬೇಕಂತೆ. ಓದಿದವರ ಕಣ್ಣು ಚುರುಕಾಗಲು ಓದದವಳು ಉಚ್ಚೆ ಹಿಡಿಯಬೇಕು, ಅದು ಅಲ್ಲಿಯ ಪಾಠಕ್ರಮ.

ರೈಲು ಸ್ಟೇಷನ್ನಿನ ಎದುರಿನ ಕಟ್ಟಡದ ಮೂರನೆಯ ಮಹಡಿಯಲ್ಲಿ ಡಾಕ್ಟರ್ ಪುಂಡರೀಕಾಕ್ಷರ ಸೋನೋಗ್ರಫಿ ತರಬೇತಿ ಕೇಂದ್ರವಿತ್ತು. ಕಲ್ಯಾಣ, ಡೊಂಬಿವಲಿ, ಠಾಣೆಗಳಿಂದ ಎಂಬಿಬಿಎಸ್ ಮುಗಿಸಿದವರು ಬಂದು ಆರು ತಿಂಗಳು ಸ್ಕ್ಯಾನಿಂಗ್ ಯಂತ್ರ ಹಿಡಿಯಲು ಕಲಿತು, ಗೋಡೆಗೆ ಸರ್ಟಿಫಿಕೇಟು ತೂಗುಹಾಕಿ ತಮ್ಮದೇ ಅಂಗಡಿ ತೆರೆಯುತ್ತಿದ್ದರು. ಕಲಿಯಲು ಹೊಟ್ಟೆ ಬೇಕಲ್ಲ? ತಮ್ಮ ಹೆಂಡತಿಯರ ಹೊಟ್ಟೆಯನ್ನು ಯಾರೂ ತರುತ್ತಿರಲಿಲ್ಲ. ಖಾರಘರದ ಕಟ್ಟಡದ ಸೈಟಿನಿಂದ ಸೂಪರ್‌ವೈಜರ್ ಧರ್ಮಪಾಲ ಬಸುರಿಯರನ್ನು ಟೆಂಪೋದಲ್ಲಿ ತುಂಬಿ ತಂದು ಇಳಿಸುತ್ತಿದ್ದ. ಅವರನ್ನು ಇಲ್ಲಿ 'ಮಾಡೆಲ್' ಎನ್ನುತ್ತಿದ್ದರು. ಮೊದಲ ಸಲ ಅದನ್ನು ಕೇಳಿದಾಗ ಮರಗಮ್ಮ ಸೀರೆಯ ನೆರಿಗೆ ಸರಿಮಾಡಿಕೊಂಡಿದ್ದಳು, ಪಾಪ.

ಈ ಶನಿವಾರ ಅವಳು ಧರ್ಮಪಾಲನ ಕಾಲು ಹಿಡಿದು ತಾನಾಗಿ ಟೆಂಪೋ ಹತ್ತಿ ಬಂದಿದ್ದಳು. ಗುರುವಾರ ಸೈಟಿನಲ್ಲಿ ಕಾಂಕ್ರೀಟಿನ ಬುಟ್ಟಿ ಹೊತ್ತು ಹಲಗೆಯ ಮೇಲೆ ನಡೆಯುವಾಗ ಜಾರಿ ಬಿದ್ದಿದ್ದಳು. ಅಂದಿನಿಂದ ಹೊಟ್ಟೆಯೊಳಗಿನ ಐದು ತಿಂಗಳ ಕೂಸು ಮಿಸುಕಾಡಿರಲಿಲ್ಲ. ಕಳಂಬೋಲಿಯಲ್ಲಿ ಕಬ್ಬಿಣ ಹೊರುವ ಗಂಡ ಶಂಕ್ರೆಪ್ಪ, "ಅಷ್ಟು ಮಂದಿ ಡಾಕ್ಟರು ನೋಡ್ತಾರ. ಒಬ್ಬಾದ್ರೂ ಹೇಳ್ತಾನಲ್ಲ, ಹೋಗಿ ಬಾ" ಎಂದು ಕಳಿಸಿದ್ದ.

ಯಂತ್ರದ ಕೋಣೆಗೆ ಚಪ್ಪಲಿ ನಿಷಿದ್ಧ. ಪುಂಡರೀಕಾಕ್ಷರು ದಿನಾ ಬೆಳಿಗ್ಗೆ ಯಂತ್ರಕ್ಕೆ ಕುಂಕುಮ ಹಚ್ಚಿ ಊದುಬತ್ತಿ ಬೆಳಗುತ್ತಿದ್ದರು. ಡಾಕ್ಟರೆಲ್ಲ ಬಿಳಿ ಕಾಲುಚೀಲದಲ್ಲಿ ಗರ್ಭಗುಡಿಯೊಳಗೆ ನಡೆದ ಹಾಗೆ ನಡೆಯುತ್ತಿದ್ದರು. ಯಂತ್ರಕ್ಕೆ ಸೆಕೆಯಾಗಬಾರದೆಂದು ಏಸಿ. ಮರಗಮ್ಮನಿಗೆ ಹೊಟ್ಟೆಯ ಮೇಲೆ ತಣ್ಣನೆಯ ಲೋಳೆ.

ಕಲಿಯುವವರಲ್ಲಿ ಮೊದಲನೆಯವನು ಬಂದು ಲೋಳೆ ಸುರಿದು ಯಂತ್ರದ ಹಿಡಿಯನ್ನು ಒತ್ತಿದ. ಪರದೆಯ ಮುಖ ಅವನ ಕಡೆಗಿತ್ತು.

"ಯಪ್ಪಾ, ಕೂಸು ಬದುಕೈತೇನ್ರಿ?" ಎಂದಳು ಮರಗಮ್ಮ.

ಠಾಣೆಯಿಂದ ಪರೀಕ್ಷಕರಾಗಿ ಬಂದಿದ್ದ ಡಾಕ್ಟರ್ ತಾರಾನಾಥ ಬಾಗಿಲ ಬಳಿಯ ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದರು. ತಲೆಯೆತ್ತದೆ ಗೋಡೆಯ ಬೋರ್ಡಿನ ಕಡೆ ಬೆರಳು ತೋರಿಸಿದರು. "ಅದನ್ನು ಓದ್ಲಿಲ್ವಾ ಮಾರಾಯ್ತಿ? ಗಂಡಾ ಹೆಣ್ಣಾ ಅಂತ ಕೇಳಿದ್ರೆ ಜೈಲು."

"ಗಂಡು ಹೆಣ್ಣು ಯಾವಾಕಿ ಕೇಳ್ಯಾಳ್ರಿ? ಬದುಕೈತೋ ಸತ್ತೈತೋ ಅಂತ ಕೇಳಾಕತ್ತೀನಿ!"

ಗದ್ದಲ ಕೇಳಿ ಪುಂಡರೀಕಾಕ್ಷರು ಒಳಬಂದರು. ಸಿಟ್ಟಾಗುವವರಲ್ಲ ಅವರು, ಉಡುಪಿಯ ಕಡೆಯ ಮೆತ್ತನೆಯ ದನಿ. "ಹಾಗೆಲ್ಲ ಕೂಗಬಾರದಮ್ಮ. ಇವತ್ತು ಇವರಿಗೆಲ್ಲ ಫೈನಲ್ ಪರೀಕ್ಷೆ ಉಂಟು. ನಿಮ್ಮ ಮಗು ಹೇಗಿದೆ ಅನ್ನುವುದೇ ಪ್ರಶ್ನೆ. ಈಗಲೇ ಹೇಳಿಬಿಟ್ಟರೆ ಹೊರಗೆ ಕೂತವರಿಗೆ ಉತ್ತರ ಗೊತ್ತಾಗುವುದಿಲ್ವಾ? ಹದಿನಾಲ್ಕೂ ಜನ ಮುಗಿಸಲಿ, ಆಯ್ತಾ?"

ಮರಗಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವಳ ಕೂಸಿನ ಸಾವು ಬದುಕು ಪ್ರಶ್ನೆಪತ್ರಿಕೆಯಾಗಿತ್ತು. ಉತ್ತರವನ್ನು ತಾಯಿಯಿಂದಲೂ ಬಚ್ಚಿಡಬೇಕಾಗಿತ್ತು.

ಎರಡನೆಯವಳು ಬಂದಳು, ಮೂರನೆಯವನು ಬಂದ. ಒಬ್ಬ ಪಕ್ಕೆಲುಬಿಗೆ ಒತ್ತಿದ, ಇನ್ನೊಬ್ಬ ನೇರ ಮೂತ್ರಕೋಶದ ಮೇಲೆಯೇ ಭಾರ ಹಾಕಿ ಮೊಬೈಲಿನಲ್ಲಿ ಟೈಮು ನೋಡಿದ. ನೋಡುವುದು, ಹಾಳೆಯಲ್ಲಿ ಬರೆಯುವುದು, ಮಂಚದ ಪಕ್ಕದ ಟ್ರೇಯಲ್ಲಿ ಮಗುಚಿ ಹಾಕುವುದು. ಪರದೆ ಕಾಣದ ಮರಗಮ್ಮ ಅವರ ಮುಖಗಳನ್ನೇ ಓದಲು ನೋಡಿದಳು. ಒಬ್ಬಳು ಹುಬ್ಬು ಗಂಟಿಕ್ಕಿದಾಗ ಮರಗಮ್ಮ ಅರ್ಧ ಎದ್ದಳು. ಆಕೆ ತನ್ನ ಪೆನ್ನಿನ ಮುಚ್ಚಳ ಹುಡುಕುತ್ತಿದ್ದಳು ಅಷ್ಟೇ.

ಏಳನೆಯವನ ಹೊತ್ತಿಗೆ ತೊಡೆ ನಡುಗತೊಡಗಿತು. "ಯಕ್ಕಾ, ತಡಿಯಾಕಾಗವಲ್ದು, ಒಮ್ಮಿ ಹೋಗಿ ಬರ್ತೀನಿ" ಎಂದು ಬೇಡಿದಳು.

"ಹಿಡಕೋ. ಎಲ್ಲಾರಿಗೂ ಸೇಮ್ ಪೇಪರ್ ಇರಬೇಕಂತ ಸಾಹೇಬ್ರು ಹೇಳ್ಯಾರ" ಎಂದಳು ಮುಕ್ತಾ. ಈ ಸಲ ಬಯ್ಯಲಿಲ್ಲ, ಮುಖವನ್ನೂ ತೋರಿಸಲಿಲ್ಲ.

ಹದಿನಾಲ್ಕನೆಯವನು ಸಮಿತ್, ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದ ಮಂಗಳೂರಿನವರ ಮಗ. ಕನ್ನಡ ತಿಳಿಯುತ್ತಿತ್ತು, ನಾಲಿಗೆಗೆ ಬರುತ್ತಿರಲಿಲ್ಲ. ಅವನ ಕೈ ಹೊಟ್ಟೆಯ ಮೇಲೆಲ್ಲ ಅಲೆದು ಎಲ್ಲಿಯೂ ನಿಲ್ಲಲಿಲ್ಲ.

"ನೀನಾದ್ರೂ ಹೇಳೋ ತಮ್ಮಾ. ಎಂಟು ವರ್ಷಕ್ಕ ನಿಂತ ಬಸುರದು" ಎಂದಳು ಮರಗಮ್ಮ.

"ಸರ್ ಬತಾಯೇಂಗೆ," ಸರ್ ಹೇಳುತ್ತಾರೆ ಎಂದು ಹಿಂದಿಯಲ್ಲಿ ಗೊಣಗಿ, ಏನೋ ಗೀಚಿ, ಹಾಳೆ ಟ್ರೇಗೆ ಹಾಕಿದ.

ತಾರಾನಾಥ ಪೇಪರ್ ಮಡಚಿ ಎದ್ದರು. ಹೊರಗಿದ್ದವರೆಲ್ಲ ಒಳಗೆ ಬಂದು, ಸದ್ಯ ಮುಗಿಯಿತಲ್ಲ ಎಂದು ಮೈಮುರಿದರು. ಊಟಕ್ಕೆ ಹೇಳಿಯಾಗಿತ್ತು.

"ಎಲ್ಲಾರೂ ಮುಗಿಸಿದ್ರಲ್ಲ. ಈಗ ಹೇಳ್ರಿ," ಎಂದಳು ಮರಗಮ್ಮ.

"ಪೇಪರ್ ತಿದ್ದಬೇಕಲ್ಲ? ನಾಲ್ಕು ಗಂಟೆಗೆ ರಿಸಲ್ಟ್. ಅದು ಕ್ಯಾಂಡಿಡೇಟ್‌ಗಳಿಗೆ. ಮಾಡೆಲ್‌ಗೆ ರಿಪೋರ್ಟ್ ಕೊಡುವ ಪದ್ಧತಿ ಇಲ್ಲ," ಎಂದರು ತಾರಾನಾಥ.

"ಮುಕ್ತಾ, ಅವಳಿಗೆ ಬಿಸ್ಕಿಟ್ ಕೊಡು," ಎಂದರು ಪುಂಡರೀಕಾಕ್ಷರು.

ಮರಗಮ್ಮ ಮಂಚದಿಂದ ಧುಮುಕಿದಳು. ಟ್ರೇಯಲ್ಲಿದ್ದ ಹದಿನಾಲ್ಕೂ ಹಾಳೆಗಳನ್ನು ಬಾಚಿ ನೆಲಕ್ಕೆ ಸುರಿದು, ಸೀರೆ ಎತ್ತಿ ಅವುಗಳ ಮೇಲೆ ಕುಕ್ಕರಗಾಲಲ್ಲಿ ಕೂತಳು.

"ಯಾವನರ ಹತ್ರ ಬಂದ್ರ ಬಿಟ್ಟೇಬಿಡ್ತೀನಿ! ಮುಂಜಾನಿಂದ ಹಿಡಕೊಂಡೀನಿ, ಹಾಟ್ಯಾನ ಮಕ್ಕಳ್ರಾ! ನನ್ನ ಕೂಸು ಐತೋ ಇಲ್ಲೋ, ಹೇಳ್ರಿ!"

ಹದಿನಾಲ್ಕು ಸರ್ಟಿಫಿಕೇಟುಗಳು ಅವಳ ತೊಡೆಯ ಕೆಳಗೆ ಸಿಕ್ಕಿಬಿದ್ದಿದ್ದವು. ಪುಂಡರೀಕಾಕ್ಷರ ಮೆತ್ತನೆಯ ದನಿ ಎಲ್ಲಿಗೋ ಹೋಯಿತು. "ಹೇಳ್ರೀ ಯಾರಾದ್ರೂ! ಏನು ಬರೆದಿದ್ದೀರಿ?"

"ನಾರ್ಮಲ್ ಅಂತ ಬರೆದೆ ಸರ್," ಎಂದಳು ಒಬ್ಬಳು. "ನಾನು ಹಾರ್ಟ್ ಇಲ್ಲ ಅಂತ ಬರೆದೆ," ಎಂದ ಅವಳ ಪಕ್ಕದವನು. ಆಮೇಲೆ ಸಂತೆ ಶುರುವಾಯಿತು. ಆರು ಜನಕ್ಕೆ ಬದುಕಿತ್ತು, ಐದು ಜನಕ್ಕೆ ಸತ್ತಿತ್ತು, ಇಬ್ಬರಿಗೆ ಅವಳಿ ಜವಳಿ ಕಂಡಿತ್ತು. "ಮೈನೇ ಟ್ರೇ ಮೇಂ ಸೇ ದೇಖ್ ಕೇ ಲಿಖಾ," ಎಂದ ಸಮಿತ್, ನೆಲ ನೋಡುತ್ತ. ಟ್ರೇಯಲ್ಲಿದ್ದ ಬೇರೆಯವರ ಹಾಳೆ ಕದ್ದು ನೋಡಿ ಬರೆದಿದ್ದ.

"ಸರಿಯುತ್ತರ ನಿಮ್ಮ ಹತ್ರ ಉಂಟಲ್ಲ ಪುಂಡರೀಕಾಕ್ಷ?" ಎಂದರು ತಾರಾನಾಥ.

"ನನ್ನ ಹತ್ರವಾ? ಪರೀಕ್ಷಕರು ನೀವು. ಬೆಳಿಗ್ಗೆ ನೋಡಿದ್ದೀರಿ ಅಂತ ನಾನು..."

ಅಷ್ಟು ಓದಿದವರ ನಡುವೆ ಉತ್ತರ ಗೊತ್ತಿದ್ದವರು ಒಬ್ಬರೂ ಇರಲಿಲ್ಲ.

ಮರಗಮ್ಮನಿಗೆ ಅಳು ಬಂತು. ಅಳಲಿಲ್ಲ. ಮೂತ್ರ ಬಿಟ್ಟಳು.

ಏಳು ಗ್ಲಾಸಿನ ನೀರು ಬಿಸಿಯಾಗಿ ಭೋರೆಂದು ಹರಿಯಿತು. ಆರು ಜನರ ಬದುಕು, ಐದು ಜನರ ಸಾವು, ಇಬ್ಬರ ಅವಳಿ ಜವಳಿ, ಸಮಿತನ ನಕಲು, ಎಲ್ಲ ನೀಲಿಯಾಗಿ ಕಲಸಿಹೋಯಿತು. ಡಾಕ್ಟರರು ಕಾಲುಚೀಲ ಉಳಿಸಿಕೊಳ್ಳಲು ಕುರ್ಚಿ ಹತ್ತಿದರು, ಗೋಡೆಗೆ ಅಂಟಿದರು. ಉಚ್ಚೆ ಯಂತ್ರದ ಬುಡದವರೆಗೂ ಹೋಗಿ ನಿಂತಿತು. ಮೂಲೆಯಲ್ಲಿ ಮುಕ್ತಾ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ನೆಲ ಒರೆಸುವ ಬಟ್ಟೆ ತರಲು ಅವಳು ಹೋಗಲಿಲ್ಲ.

ಮರಗಮ್ಮ ನಿಧಾನವಾಗಿ ಎದ್ದು ಮಂಚ ಹತ್ತಿ ಮಲಗಿದಳು. ಕೈಚಾಚಿ ಯಂತ್ರದ ಪರದೆಯನ್ನು ತನ್ನ ಕಡೆಗೆ ತಿರುಗಿಸಿದಳು, ಕುಂಕುಮ ಅವಳ ಬೆರಳಿಗೆ ಹತ್ತಿತು. ಲೋಳೆಯ ಬಾಟಲಿ ತಾನೇ ತೆಗೆದು ಹೊಟ್ಟೆಯ ಮೇಲೆ ಹಿಂಡಿಕೊಂಡಳು.

"ಪರೀಕ್ಷಾ ಮುಗೀತು. ಈಗ ನನ್ನ ಸಲುವಾಗಿ ನೋಡ್ರಿ," ಎಂದಳು. ಸಮಿತ್ ಮುಂದೆ ಬರಲು ನೋಡಿದ. ಅವಳು ಅವನ ಕಡೆ ತಿರುಗಲೇ ಇಲ್ಲ, ಪುಂಡರೀಕಾಕ್ಷರಿಗೆ ಬೆರಳು ಮಾಡಿದಳು. "ನೀ ಬಾ."

ಮಂಚದ ಸುತ್ತ ಒಣ ಜಾಗ ಇರಲಿಲ್ಲ. ಪುಂಡರೀಕಾಕ್ಷರು ಪ್ಯಾಂಟು ಮಡಚಿ ಒಂದು ಹೆಜ್ಜೆ ಇಟ್ಟರು, ಇನ್ನೊಂದು ಇಟ್ಟರು. ಬಿಳಿ ಕಾಲುಚೀಲ ಹಿಮ್ಮಡಿಯಿಂದ ಮೇಲಕ್ಕೆ ಹಳದಿಯಾಗುತ್ತ ಬಂತು. ಅವರು ಹೊಟ್ಟೆಯ ಮೇಲೆ ಯಂತ್ರದ ಹಿಡಿ ಇಟ್ಟು ಹುಡುಕಿದರು, ಹೊಕ್ಕುಳ ದಾಟಿ ಎಡಕ್ಕೆ ಬಂದರು. ಒಂದು ಕಡೆ ಅವರ ಕೈ ನಿಂತಿತು.

ಮರಗಮ್ಮ ಪರದೆಯ ಮೇಲಿನ ಕಣ್ಣು ಕೀಳದೆ ಅವರ ಮುಂಗೈ ಹಿಡಿದುಕೊಂಡಳು.

"ಹೇಳು," ಎಂದಳು.